ದವಡೆಯ ಮೇಲೆ ಬೋಟ್ ಟ್ಯಾಕ್ಸ್

ನನಗೆ ಸಿಟ್ಟು ಬರುವುದು ಬಹಳ ಅಪರೂಪ. ಈ ಮಾತನ್ನು ನಂಬುವವರು ಇಡೀ ಕುಂದಾಪುರ ತಾಲೂಕಿನಲ್ಲಿ ಒಬ್ಬರೂ ಸಿಗಲಾರರು ಎಂದು ನನಗೆ ಗೊತ್ತಿದೆ. ನೀವು ನನ್ನ ಮುಖ ನೋಡಿದವರಲ್ಲ, ಹಾಗಾಗಿ ನಿಮ್ಮ ಹತ್ತಿರ ಹೇಳಿಕೊಳ್ಳುವ ಧೈರ್ಯ ಮಾಡಿದ್ದೇನೆ. ತಪ್ಪು ನನ್ನದಲ್ಲ, ನನ್ನ ದವಡೆಯದು. ಕಿವಿಯ ಕೆಳಗೆ ಎರಡೂ ಕಡೆ ಒಂದೊಂದು ದಪ್ಪ ಸ್ನಾಯು ಇದೆ. ಅದು ಎಲ್ಲರಿಗೂ ಇರುತ್ತದಂತೆ, ಆದರೆ ಉಳಿದವರದ್ದು ಮುಖದ ಒಳಗೆ ಮರ್ಯಾದೆಯಿಂದ ಇರುತ್ತದೆ. ನನ್ನದು ನೆಲ್ಲಿಕಾಯಿ ಗಾತ್ರಕ್ಕೆ ಎದ್ದು, ಇಳಿದು, ಮತ್ತೆ ಏಳುತ್ತದೆ. ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಏಳುತ್ತದೆ. ಪದಬಂಧ ತುಂಬಿಸುವಾಗ ಏಳುತ್ತದೆ. ಯಾರಾದರೂ ಒಳ್ಳೆಯ ಸುದ್ದಿ ಹೇಳಿದರಂತೂ, ಅದನ್ನು ಗಮನವಿಟ್ಟು ಕೇಳುವ ನನ್ನ ಶ್ರದ್ಧೆಯೆಲ್ಲ ದವಡೆಗೆ ಇಳಿದು ಅಲ್ಲಿ ಕುಣಿಯುತ್ತದೆ. ಎದುರಿಗಿದ್ದವರಿಗೆ ಮಾತ್ರ, ಈ ಮನುಷ್ಯ ಇನ್ನೊಂದು ಕ್ಷಣಕ್ಕೆ ನನ್ನ ಕುತ್ತಿಗೆ ಹಿಡಿಯುತ್ತಾನೆ ಎಂದೇ ಅನ್ನಿಸುತ್ತದೆ.

ಕುಂಭಾಶಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಇಷ್ಟು ವರ್ಷಗಳ ನೌಕರಿಯಲ್ಲಿ ಬೆತ್ತ ಹಿಡಿದವನಲ್ಲ, ಗಟ್ಟಿಯಾಗಿ ಗದರಿದವನೂ ಅಲ್ಲ. ಆದರೂ ಶಿಸ್ತಿಗೆ ನನ್ನದೇ ಹೆಸರು. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ದೌಡಿ ಮಾಷ್ಟ್ರು’ ಎನ್ನುತ್ತಾರೆ. ನಮ್ಮ ಕಡೆ ದವಡೆಗೆ ದೌಡಿ ಎಂದು ಹೇಳುವುದು. ಯಾವುದಾದರೂ ತುಂಟರ ಗುಂಪನ್ನು ಹೆಡ್‌ಮಾಸ್ತರರು ನನ್ನ ಹತ್ತಿರ ಕಳಿಸಿದರೆ, ನಾನು ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ಪಾಪ, ಇವರಿಗೆ ಏನು ಹೇಳಲಿ ಎಂದು ಯೋಚಿಸುತ್ತೇನೆ. ಯೋಚಿಸಿದೊಡನೆ ದವಡೆ ಏಳುತ್ತದೆ. ಅಷ್ಟರಲ್ಲಿ ಅವರು ಮಾಡಿದ್ದು, ಮಾಡದೇ ಇದ್ದದ್ದು ಎಲ್ಲವನ್ನೂ ಒಪ್ಪಿಕೊಂಡು ಕಣ್ಣೀರು ಹಾಕಿರುತ್ತಾರೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಹೆಚ್ಚಾಗಿ ಇರುವುದು, ಮನೆಯಲ್ಲಿ ಇವತ್ತು ಸಾರಿನ ಮೀನು ಬಂಗುಡೆಯೋ ಬೂತಾಯಿಯೋ ಎಂಬ ಪ್ರಶ್ನೆ.

ಕನ್ನಡ ಮೇಷ್ಟ್ರಾದ್ದರಿಂದ ಒಂದು ವಿಷಯ ನಿಮ್ಮ ಗಮನಕ್ಕೆ ತರಬೇಕು. ನಮ್ಮ ಭಾಷೆ ಮನುಷ್ಯನ ಸ್ವಭಾವವನ್ನೆಲ್ಲ ಬಾಯಿಯೊಳಗೇ ತುಂಬಿಟ್ಟಿದೆ. ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸುತ್ತೇವೆ. ಆಗದವರನ್ನು ಕಂಡರೆ ಹಲ್ಲು ಕಡಿಯುತ್ತೇವೆ. ಹಗೆ ಇದ್ದರೆ ಹಲ್ಲು ಮಸೆಯುತ್ತೇವೆ, ಕೆಲಸ ಆಗಬೇಕಾದರೆ ಹಲ್ಲು ಕಿರಿಯುತ್ತೇವೆ. ದವಡೆಯ ವಿಷಯಕ್ಕೆ ಬಂದರೆ ಇನ್ನೂ ಅನ್ಯಾಯ. ಪೇಪರಿನವರು ಸಾವಿಗೆ ಕೈ ಕೊಟ್ಟಿಲ್ಲ, ಕಾಲು ಕೊಟ್ಟಿಲ್ಲ, ದವಡೆ ಮಾತ್ರ ಕೊಟ್ಟಿದ್ದಾರೆ. ಬಾವಿಗೆ ಬಿದ್ದ ದನ ಮೇಲೆ ಬಂದರೂ ಅದು ಸಾವಿನ ದವಡೆಯಿಂದಲೇ ಪಾರಾಗುತ್ತದೆ. ಹೀಗಿರುವಾಗ ಎದ್ದು ಕಾಣುವ ದವಡೆ ಇಟ್ಟುಕೊಂಡವನನ್ನು ಜನ ಒಳ್ಳೆಯವನು ಎಂದು ಹೇಗೆ ತಿಳಿದಾರು? ಬಂಗಾರದಂಥ ಮನಸ್ಸು ಎಂದು ಹೇಳಲು ಎದೆ ಸೀಳಿ ನೋಡಬೇಕು, ದವಡೆ ರಸ್ತೆಯಿಂದಲೇ ಕಾಣುತ್ತದೆ.

ಶಾಲೆಯಲ್ಲಿ ಉಪಕಾರ ಮಾಡಿದ ದವಡೆ ಮನೆಯಲ್ಲಿ ಮಾತ್ರ ದೊಡ್ಡ ಪೆಟ್ಟು ಕೊಟ್ಟಿತು. ನನ್ನ ಹೆಂಡತಿ ಸುಶೀಲಳ ಅಣ್ಣ ಗೋವಿಂದ, ನನಗೆ ಬಾವ. ಬೈಂದೂರು ಕಡೆ, ಕಡಲ ಬದಿಯಲ್ಲಿ ಅವನ ಮನೆ. ಕೆಲವು ವರ್ಷಗಳ ಹಿಂದೆ ಅವನು ಹೊಸ ಬೋಟು ತೆಗೆದುಕೊಂಡ. ಗಂಗೊಳ್ಳಿ ಬಂದರಿನಲ್ಲಿ ಪೂಜೆ, ಊಟ. ಊಟ ಮುಗಿದ ಮೇಲೆ ಬಾವ ನನ್ನನ್ನು ಬೋಟಿಗೆ ಹತ್ತಿಸಿ ಇಂಜಿನ್ನು ತೋರಿಸಿದ. ಅದರ ಕುದುರೆ ಶಕ್ತಿ, ಅದು ಕುಡಿಯುವ ಡೀಸೆಲ್ಲು, ಅದಕ್ಕಾಗಿ ತಾನು ಪಟ್ಟ ಪಾಡು ಎಲ್ಲವನ್ನೂ ವಿವರಿಸಿದ. ನನಗೆ ನಿಜವಾಗಿಯೂ ಖುಷಿಯಾಗಿತ್ತು. ಬೇರೆಯವರ ಬೋಟಿನಲ್ಲಿ ಬಲೆ ಎಳೆದವನು ಸ್ವಂತ ಬೋಟು ಮಾಡಿದ್ದಾನೆ, ಸಣ್ಣ ಮಾತೇ? ಹೀಗಾಗಿ ಮೈಯೆಲ್ಲ ಕಿವಿಯಾಗಿ ಕೇಳಿದೆ. ಮೈಯೆಲ್ಲ ಕಿವಿಯಾದಾಗ ನನ್ನ ದವಡೆ ಏನಾಗುತ್ತದೆ ಎಂದು ನಿಮಗೆ ಹೇಳಿದ್ದೇನೆ. ಬಾವ ಮಾತಿನ ನಡುವೆ ಒಮ್ಮೆ ನನ್ನ ಮುಖ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಇಂಜಿನ್ನಿನ ಮುಚ್ಚಳ ಮುಚ್ಚಿ ಇಳಿದು ಹೋದ.

ಅವತ್ತಿನಿಂದ ಬಾವ ಮಾತು ಬಿಟ್ಟ. ತನ್ನ ಬೋಟು ಕಂಡು ತಂಗಿಯ ಗಂಡ ಹೊಟ್ಟೆಕಿಚ್ಚಿನಿಂದ ಹಲ್ಲು ಕಡಿದ ಎಂದು ಅವನ ಮನಸ್ಸಿಗೆ ಬಂದಿತ್ತು. ಹಾಗೆಂದು ಅವನು ನನ್ನನ್ನು ಕೇಳಲಿಲ್ಲ. ಹಾಗಲ್ಲ ಎಂದು ನಾನೂ ಹೋಗಿ ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳಲು ಹೋಗುವುದು ಹೇಗೆ ಎಂದು ನಾನು, ಉತ್ತರ ಗೊತ್ತಿರುವ ಪ್ರಶ್ನೆ ಕೇಳುವುದೇಕೆ ಎಂದು ಅವನು, ಇಬ್ಬರೂ ಗಂಭೀರವಾಗಿ ಇದ್ದುಬಿಟ್ಟೆವು. ಈ ಎರಡು ಗಾಂಭೀರ್ಯಗಳ ನಡುವೆ ಸಿಕ್ಕಿಬಿದ್ದವಳು ಸುಶೀಲ. ಗಂಡನನ್ನು ಕರೆಯದ ಮನೆಯಲ್ಲಿ ತಾನು ಉಳಿಯುವುದಿಲ್ಲ ಎಂದು ಅವಳೇ ಒಂದು ಕಟ್ಟು ಹಾಕಿಕೊಂಡಳು. ತವರಿಗೆ ಹೋದರೂ ಬೆಳಗಿನ ಬಸ್ಸಿಗೆ ಹೋಗಿ, ಅತ್ತಿಗೆಯ ಹತ್ತಿರ ಎರಡು ಮಾತಾಡಿ, ಸಂಜೆಯ ಬಸ್ಸಿಗೆ ಕೋಟೇಶ್ವರದ ನಮ್ಮ ಮನೆಗೆ ವಾಪಸ್ಸು. ಅವಳ ಅಮ್ಮ ತೀರಿಕೊಂಡ ವರ್ಷವೂ ಹೀಗೇ ಹೋಗಿ ಬಂದಳು. ನನ್ನ ಹತ್ತಿರ ಒಂದು ದಿನವೂ ದೂರಲಿಲ್ಲ, ಆದ್ದರಿಂದ ದೂರು ಇಲ್ಲ ಎಂದೇ ನಾನು ತಿಳಿದಿದ್ದೆ.

ಈಚೆಗೆ ಬಾವನ ಮಗಳಿಗೆ ಬಿಜೂರಿನ ಗಂಡು ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಕರೆಯುವುದಕ್ಕೆ ‘ಹೇಳಿಕೆ’ ಎನ್ನುತ್ತಾರೆ. ಮನೆಗೆ ಬಂದು, ಕೈಯಲ್ಲಿ ಎಲೆ ಅಡಿಕೆ ಕೊಟ್ಟು, ಬಾಯಿ ಬಿಟ್ಟು ಹೇಳಬೇಕು. ವಾಟ್ಸಾಪಿನಲ್ಲಿ ಕಾಗದ ಕಳಿಸಿದರೆ ಅದು ಸುದ್ದಿ ಆಗುತ್ತದೆ, ಹೇಳಿಕೆ ಆಗುವುದಿಲ್ಲ. ಹೆಣ್ಣಿನ ಅಪ್ಪ ತಂಗಿಯ ಗಂಡನಿಗೆ ಹೇಳಿಕೆ ಮಾಡದಿದ್ದರೆ ಊರೆಲ್ಲ ಕೇಳುತ್ತದೆ, ಮಾಡಲು ಬಂದರೆ ನನ್ನ ದವಡೆ ಎದುರಿಗೆ ನಿಂತಿರುತ್ತದೆ. ಸುಶೀಲ ಇದನ್ನೆಲ್ಲ ಲೆಕ್ಕ ಹಾಕಿ ಒಂದು ದಿನ ಗಂಜಿ ಬಡಿಸುತ್ತ ಹೇಳಿದಳು: “ಹ್ವಾಯ್, ಕೇಂಡ್ರ್ಯಾ? ದೌಡಿ ಸಣ್ಣ ಮಾಡುಕೂ ಒಂದ್ ಇಂಜೆಕ್ಷನ್ ಇತ್ತಂಬ್ರ್. ಹಲ್ ಕಡುದೂ ನಿಲ್ತ್ ಅಂಬ್ರ್. ಒಂದ್ ಹಾಕ್ಸ್‌ಕಣಿ. ಅಣ್ಣ ಹೇಳ್ಕಿಗ್ ಬಪ್ಪತಿಗೆ ನಿಮ್ ಮೋರಿ ಒಂಚೂರ್ ಮನ್ಷ್ರ್ ಮೋರಿ ಕಂಡಾಂಗ್ ಇರ್ಲಿ.”

ಹಲ್ಲು ಕಡಿಯುವ ವಿಷಯ ನಿಜ. ನಿದ್ದೆಯಲ್ಲಿ ನಾನು ಹಲ್ಲು ಕಡಿಯುವ ಸದ್ದಿಗೆ ಅಂಗಳದ ನಾಯಿ ಎದ್ದು ಬೊಗಳುತ್ತದೆ. ದವಡೆ ಹಲ್ಲುಗಳು ಅರ್ಧಕ್ಕರ್ಧ ಸವೆದಿವೆ, ಬೆಳಿಗ್ಗೆ ಎದ್ದರೆ ಕಿವಿಯ ಬುಡದಲ್ಲಿ ನೋವು. ಹಲ್ಲಿನ ಡಾಕ್ಟರರು ಬಹಳ ದಿನದಿಂದ ಇದನ್ನೇ ಹೇಳುತ್ತಿದ್ದರು. ಹಲ್ಲಿಗಾಗಿ ಹೋಗದವನು ಈಗ ಹೆಂಡತಿಯ ತವರುಮನೆಗಾಗಿ ಬ್ರಹ್ಮಾವರದ ಬಸ್ಸು ಹತ್ತಿದೆ.

ಆ ಕ್ಲಿನಿಕ್ಕು ಒಂದು ಬಟ್ಟೆ ಅಂಗಡಿಯ ಮೇಲೆ ಇತ್ತು. ಒಳಗೆ ತಂಪು, ಮೆಲ್ಲಗೆ ವೀಣೆ. ಕಾಯುತ್ತಿದ್ದವರೆಲ್ಲ ಎಳೆಯ ಹುಡುಗಿಯರು, ಒಬ್ಬರಿಗಿಂತ ಒಬ್ಬರು ಚೆಂದ. ಇವರಿಗೆಲ್ಲ ಏನು ಕಾಯಿಲೆ ಎಂದು ನಾನು ಮರುಗುತ್ತಿರುವಾಗ ಕೌಂಟರಿನ ಹುಡುಗಿ, “ಸರ್, ಮೆಡಿಕಲ್ಲಾ ಕಾಸ್ಮೆಟಿಕ್ಕಾ?” ಎಂದು, ಹೋಟೆಲಿನಲ್ಲಿ ಸಾದಾ ದೋಸೆಯೋ ಮಸಾಲೆ ದೋಸೆಯೋ ಎಂದು ಕೇಳುವ ಸಲೀಸಿನಲ್ಲಿ ಕೇಳಿದಳು. ಮುಖ ಅಗಲವಾಗಿದೆ, ಫೋಟೋದಲ್ಲಿ ಗಲ್ಲ ಚೂಪಾಗಿ ಬರಬೇಕು ಎನ್ನುವವರು ಕಾಸ್ಮೆಟಿಕ್. ನೋವು, ಹಲ್ಲು ಕಡಿತ ಎನ್ನುವವರು ಮೆಡಿಕಲ್. ನನ್ನದು ಯಾವುದು? ಹಲ್ಲು ಸವೆದದ್ದು ಮೆಡಿಕಲ್, ಮುಖ ಮನುಷ್ಯರ ಹಾಗೆ ಕಾಣಬೇಕು ಎಂಬುದು ಕಾಸ್ಮೆಟಿಕ್, ಬಾವ ಹೇಳಿಕೆಗೆ ಬರಬೇಕು ಎಂಬುದಕ್ಕೆ ಅವರಲ್ಲಿ ವಿಭಾಗವೇ ಇರಲಿಲ್ಲ. “ಎರಡೂ” ಎಂದೆ. ಹುಡುಗಿಯರು ನನ್ನನ್ನು ಗೌರವದಿಂದ ನೋಡಿದರು. ಈ ವಯಸ್ಸಿನಲ್ಲಿ ಚೂಪು ಗಲ್ಲದ ಆಸೆ ಇಟ್ಟುಕೊಂಡವನು ಸಾಮಾನ್ಯನಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಮುಂದೆ ಕುಳಿತು, “ಗಟ್ಟಿಯಾಗಿ ಹಲ್ಲು ಕಚ್ಚಿ ಸರ್” ಎಂದರು. ಕಚ್ಚಿದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು. ಆಮೇಲೆ ಸಾವರಿಸಿಕೊಂಡು, ಇಷ್ಟು ಬಲವಾದ ಸ್ನಾಯುವನ್ನು ತಾವು ಪುಸ್ತಕದಲ್ಲಿ ಮಾತ್ರ ನೋಡಿದ್ದು ಎಂದು ಹೊಗಳಿದರು. ಕೆನ್ನೆಯ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು, ರಂಗೋಲಿ ಎಳೆಯುವ ಮೊದಲು ನೋಡುವ ಹಾಗೆ ತಲೆ ವಾರೆ ಮಾಡಿ ನೋಡಿ, ಸೂಜಿ ಚುಚ್ಚಿದರು. ಇರುವೆ ಕಚ್ಚಿದಷ್ಟೇ ನೋವು. ಒಂದೆರಡು ವಾರದಲ್ಲಿ ಸ್ನಾಯು ಸಡಿಲವಾಗುತ್ತದೆ, ಕೆಲವು ತಿಂಗಳು ಹಾಗೆಯೇ ಇದ್ದು ಮತ್ತೆ ಮೊದಲಿನಂತಾಗುತ್ತದೆ, ಗಟ್ಟಿ ಪದಾರ್ಥ ಅಗಿಯುವುದು ಕಷ್ಟ, ಕೆಲವರಿಗೆ ನಗು ಸ್ವಲ್ಪ ದಿನ ಸೊಟ್ಟ ಆಗುವುದೂ ಉಂಟು ಎಂದು ತಿಳಿಸಿದರು. ಔಷಧಿಯ ಹೆಸರು ಬೊಟಾಕ್ಸ್. ಕೆಟ್ಟ ಆಹಾರದಲ್ಲಿ ಹುಟ್ಟಿ ಮನುಷ್ಯನ ಉಸಿರನ್ನೇ ನಿಲ್ಲಿಸುವ ವಿಷ ಅದು, ಹನಿಯಲ್ಲಿ ಹನಿ ಮಾಡಿ ಕೊಟ್ಟರೆ ಔಷಧಿ ಎಂದರು. ನನಗೆ ರೋಮಾಂಚನವಾಯಿತು. ನಮ್ಮ ಕೋಟೇಶ್ವರದ ದೇವರು ವಿಷವನ್ನು ಗಂಟಲಲ್ಲಿ ಇಟ್ಟುಕೊಂಡವನು. ನಾನು ಅದಕ್ಕಿಂತ ನಾಲ್ಕು ಬೆರಳು ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಯಾರಾದರೂ ಧೈರ್ಯ ಮಾಡಿ ಸಾವಿನ ದವಡೆಗೂ ಒಂದು ಚುಚ್ಚಿದರೆ, ಪೇಪರಿನವರು ಏನು ಬರೆಯುತ್ತಾರೆ?

ಡಾಕ್ಟರಮ್ಮ ಹೇಳಿದ ಹಾಗೇ ಆಯಿತು. ನೆಲ್ಲಿಕಾಯಿಗಳು ಕರಗಿದವು, ನೋವು ಹೋಯಿತು, ಅಂಗಳದ ನಾಯಿ ನೆಮ್ಮದಿಯಾಗಿ ಮಲಗಿತು. ಸೊಟ್ಟ ನಗುವೂ ಬಂತು. ತುಟಿ ಬಿಗಿದರೆ ಎಡಗಡೆಯದು ಸುಮ್ಮನೆ ಇದ್ದು ಬಲಗಡೆಯ ಕೊನೆ ಮಾತ್ರ ಮೇಲೇಳುತ್ತದೆ, ಯಾರದೋ ಗುಟ್ಟು ಗೊತ್ತಿರುವವನ ಹಾಗೆ. ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ತಿನ್ನುವ ಸ್ಥಿತಿ. ಶಾಲೆಯಲ್ಲಿ ಒಂದು ವಾರ ಮಕ್ಕಳು ನನ್ನ ಕೆನ್ನೆಯನ್ನೇ ನೋಡುತ್ತ ಕಾದರು. ಏನೂ ಏಳಲಿಲ್ಲ. ಎರಡನೆಯ ವಾರ ಹಿಂದಿನ ಬೆಂಚಿನಿಂದ ಒಂದು ಕಾಗದದ ವಿಮಾನ ಹಾರಿಬಂದು ಹಳಗನ್ನಡ ಪದ್ಯದ ಮೇಲೆ ಇಳಿಯಿತು. ಇಷ್ಟು ವರ್ಷ ನನಗೆ ಸಿಕ್ಕ ಗೌರವವೆಲ್ಲ ನನ್ನ ಜ್ಞಾನಕ್ಕೆ ಸಿಕ್ಕದ್ದು ಎಂದು ತಿಳಿದುಕೊಂಡಿದ್ದೆ. ಅದು ಎರಡು ಸ್ನಾಯುಗಳ ಸಂಪಾದನೆ ಎಂದು ಗೊತ್ತಾದಾಗ ಬೇಸರವೇ ಆಯಿತು.

ಇತ್ತ ಸುಶೀಲಳಿಗೆ ಸಂಭ್ರಮ. ಗಂಡನ ಮುಖ ಸಮ ಆಗಿದೆ ಎಂಬ ಸುದ್ದಿ ಅಣ್ಣನಿಗೆ ಮುಟ್ಟಲಿ ಎಂದು ಅತ್ತಿಗೆಗೆ ಫೋನು ಮಾಡಿದಳು. “ಇವ್ರ್ ಬ್ರಹ್ಮಾವರಕ್ಕೆ ಹೋಯಿ ಬೊಟಾಕ್ಸ್ ಹಾಕ್ಸಿ ಬಂದ್ರ್ ಅತ್ತಿಗೆ.” ಅತ್ತಿಗೆ ಆಗ ಮೀನು ಪೇಟೆಯಲ್ಲಿ ಇದ್ದರು. ಹಿಂದಿನಿಂದ ಏಲಂ ಕೂಗುವ ಗಲಾಟೆ. ನೀವೇ ಯೋಚಿಸಿ, ಹುಟ್ಟಿದಂದಿನಿಂದ ಬೋಟು, ಬಲೆ, ಡೀಸೆಲ್ಲು ಎಂದು ಬದುಕಿದ ಕಿವಿಗೆ ಬೊಟಾಕ್ಸ್ ಎಂಬ ಶಬ್ದ ಬಿದ್ದರೆ ಅದು ಏನಾಗಿ ಕೇಳಿಸಬೇಕು? ಅತ್ತಿಗೆ ಮನೆಗೆ ಹೋಗಿ ಗಂಡನಿಗೆ ಹೇಳಿದ್ದು ಇಷ್ಟು: ಕೋಟೇಶ್ವರದ ಬಾವ ಬ್ರಹ್ಮಾವರದ ಆಫೀಸಿಗೆ ಹೋಗಿ ಬೋಟ್ ಟ್ಯಾಕ್ಸ್ ಹಾಕಿಸಿ ಬಂದಿದ್ದಾರೆ. ಆಫೀಸು ಎಂಬುದು ಅತ್ತಿಗೆಯ ಸ್ವಂತ ಸೇರ್ಪಡೆ. ಟ್ಯಾಕ್ಸು ಕ್ಲಿನಿಕ್ಕಿನಲ್ಲಿ ಹಾಕಿಸಲು ಆಗುವುದಿಲ್ಲವಲ್ಲ.

ನನಗೆ ಇದು ಯಾವುದೂ ಗೊತ್ತಿಲ್ಲ. ಮಾರನೆಯ ದಿನ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಶೀನ ಸಿಕ್ಕಿದ. ಶೀನ ಬಾವನ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವವನು. ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿ, “ಹಾಕ್ಸಿದ್ರಿ ಅಂಬ್ರಲೆ ಮಾಷ್ಟ್ರೆ?” ಎಂದ. ನನ್ನ ದವಡೆಯ ಸುದ್ದಿ ಬಂದರಿನ ತನಕ ಹೋಯಿತೇ ಎಂದು ನಾಚಿಕೆಯಾಯಿತು.

“ಹೌದ್ ಮರಾಯಾ, ಹಾಕ್ಸ್ದೆ.”

“ಎಲ್ರಿಗೂ ಇತ್ತಾ?”

“ಎಲ್ರಿಗೂ ಎಂತಕ್ಕೆ? ದೊಡ್ಡದ್ ಇದ್ದವ್ರಿಗೆ ಮಾತ್ರ.”

“ವರ್ಷಕ್ಕೊಂದ್ಸಲವಾ?”

“ಎಲ್ಲಿ ವರ್ಷ! ನಾಲ್ಕಾರ್ ತಿಂಗ್ಳಿಗೊಂದ್ಸಲ ಹಾಕ್ಕ್. ಇಲ್ದಿರೆ ಮತ್ತೆ ಎದ್ದ್ ಬತ್ತ್.”

“ಎದ್ದ್ ಬಪ್ಪುದ್ ಜನ ಮಾಷ್ಟ್ರೆ, ಜನ!” ಎಂದ ಶೀನ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿ, “ನಮ್ ಗೋವಿಂದಣ್ಣಂದ್?” ಎಂದು ಕೇಳಿದ.

ಬಾವನ ಮುಖ ನೆನಪು ಮಾಡಿಕೊಂಡೆ. ಅವನದ್ದೂ ಸಣ್ಣ ದವಡೆಯೇನಲ್ಲ. “ಅವ್ರದ್ದೂ ದೊಡ್ಡದೆ. ಒಂದಿನ ಅವ್ರಿಗೂ ಹಾಕ್ಸುವ” ಎಂದೆ, ಬಾಂಧವ್ಯ ಬೆಳೆಯಲಿ ಎಂಬ ಒಳ್ಳೆಯ ಆಸೆಯಿಂದ. ಎಂದವನು ನಕ್ಕೆ. ಬಲಗಡೆಯ ಕೊನೆ ಮೇಲೆದ್ದಿತು. ಶೀನ ತನ್ನ ಊರು ಇನ್ನೂ ದೂರ ಇರುವಾಗಲೇ ಬಸ್ಸಿನಿಂದ ಇಳಿದುಬಿಟ್ಟ.

ಆ ಸಂಜೆ ಬಂದರಿನಲ್ಲಿ ಏನಾಯಿತು ಎಂದು ನನಗೆ ಆಮೇಲೆ ತಿಳಿಯಿತು. ದೊಡ್ಡ ಬೋಟಿಗೆ ಮಾತ್ರವಂತೆ ಎಂದು ಸಣ್ಣ ದೋಣಿಯವರು ಒಳಗೊಳಗೇ ಖುಷಿಪಟ್ಟರು. ದೋಣಿಗೂ ಮುಂದಿನ ವರ್ಷ ಬರುತ್ತದೆ ಎಂದು ಯಾರೋ ಹೆದರಿಸಿದ ಮೇಲೆ ಅವರೂ ಸೇರಿಕೊಂಡರು. ಟ್ಯಾಕ್ಸು ಹಲ್ಲಿನ ಲೆಕ್ಕದಲ್ಲಿ ಎಂದು ಒಬ್ಬ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದ. ಇಂಜಿನ್ನಿನ ಗೇರಿನ ಹಲ್ಲಿರಬೇಕು ಎಂದು ತಿಳಿದವರು ವಿವರಿಸಿದರು. ತಹಸೀಲ್ದಾರರಿಗೆ ಮನವಿ ಕೊಡುವುದು, ಕೇಳದಿದ್ದರೆ ಹೆದ್ದಾರಿಯಲ್ಲಿ ಕುಳಿತುಕೊಳ್ಳುವುದು ಎಂದು ತೀರ್ಮಾನವಾಯಿತು. ಇಷ್ಟಕ್ಕೆಲ್ಲ ಮೂಲ ಕೋಟೇಶ್ವರದ ಒಬ್ಬ ಕನ್ನಡ ಮೇಷ್ಟ್ರು ಎಂಬಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಇಡ್ಲಿಯನ್ನು ಚಟ್ನಿಯಲ್ಲಿ ನೆನೆಸುತ್ತಿದ್ದೆ. ಗೇಟು ದಡಾರನೆ ತೆರೆಯಿತು. “ಹ್ವಾಯ್ ಮಾಷ್ಟ್ರೆ, ಹೊರ್ಗ್ ಬನಿ!” ಎಂದು ಬಾವ ಅಂಗಳದಲ್ಲಿ ನಿಂತಿದ್ದ. ಸುಶೀಲ ಒಳಗಿನಿಂದ ಓಡಿ ಬಂದಳು. ಅಣ್ಣ ಹೇಳಿಕೆಗೆ ಬಂದ ಎಂದು ಅವಳ ಮುಖ ಅರಳಿದ್ದನ್ನು ನಾನು ನೋಡಿದೆ, ಅವನ ಎರಡನೆಯ ಮಾತಿಗೆ ಅದು ಬಾಡಿದ್ದನ್ನೂ ನೋಡಿದೆ.

“ನನ್ ಬೋಟ್ ಕಂಡ್ ಅವತ್ತೇ ಹಲ್ ಕಡ್ದ್ರಿ. ನಾನ್ ಸುಮ್ನಾದೆ. ಈಗ ಬ್ರಹ್ಮಾವರಕ್ಕೆ ಹೋಯಿ ಟ್ಯಾಕ್ಸ್ ಹಾಕ್ಸಿ ಬಂದ್ರ್ಯಾ? ಒಂದಿನ ಗೋವಿಂದಂಗೂ ಹಾಕ್ಸುವ ಅಂದ್ರ್ಯಂಬ್ರ್? ಮಗ್ಳ್ ಮದಿ ಹೊತ್ತಿಗೆ?”

ಯಾವ ಟ್ಯಾಕ್ಸು ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಅವನು ಸುಶೀಲಳ ಕಡೆ ಬೆರಳು ತೋರಿಸಿ, “ಇವ್ಳೂ ಸೇರಿದ್ಲ್ ಇದ್ರಂಗೆ” ಎಂದಾಗ ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಅಪರೂಪದ್ದು. ಎಂದಿನಂತೆ ಹಲ್ಲು ಕಚ್ಚಿದೆ. ಕೆನ್ನೆಯಲ್ಲಿ ಏನೂ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಕಚ್ಚಿದೆ. ತುಟಿಯ ಬಲಗಡೆಯ ಕೊನೆ ನಿಧಾನವಾಗಿ ಮೇಲೇರಿತು.

“ನಗಾಡ್ತ್ರಿ ಬೇರೆ!” ಎಂದು ಬಾವ ಕೂಗಿದ.

ಆ ಕ್ಷಣದಲ್ಲಿ ನನ್ನ ಅವಸ್ಥೆ ನಿಮಗೆ ಹೇಗೆ ಹೇಳಲಿ? ಬೇಡದಾಗೆಲ್ಲ ಬಂದು ನಿಲ್ಲುತ್ತಿದ್ದ ದವಡೆ, ಬೇಕಾದ ಒಂದು ದಿನ ರಜೆ ಹಾಕಿತ್ತು. ಬೇರೆ ದಾರಿ ಕಾಣದೆ, ಜೀವನದಲ್ಲಿ ಒಮ್ಮೆಯೂ ಆಡದ ಮಾತನ್ನು ಬಾಯಿ ಬಿಟ್ಟು ಆಡಿದೆ: “ಬಾವ, ನಂಗೆ ಸಿಟ್ ಬಂದಿತ್.”

ಬಾವ ನನ್ನ ಮುಖವನ್ನು ಆ ಕಡೆ ಈ ಕಡೆ ನೋಡಿದ. “ಎಲ್ಲ್ ಬಂದಿತ್? ಕಾಂತಿಲ್ಲೆ” ಎಂದ.

“ಕಾಂಬುದಿಲ್ಲ ಬಾವ. ಸೂಜಿ ಹಾಕ್ಸಿದೆ. ಮುಟ್ಟಿ ಕಾಣಿ” ಎಂದು ಅವನ ಕೈ ಹಿಡಿದು ನನ್ನ ದವಡೆಯ ಮೇಲೆ ಇಟ್ಟುಕೊಂಡೆ. “ಕಚ್ತೆ ಈಗ. ಕಚ್ದೆ. ಎಂತಾರೂ ಎದ್ದಿತಾ?”

ಮೀನು ತಾಜಾ ಹೌದೋ ಅಲ್ಲವೋ ಎಂದು ಒತ್ತಿ ನೋಡುವ ಹಾಗೆ ಬಾವ ಎರಡೂ ಕೆನ್ನೆ ಒತ್ತಿ ನೋಡಿದ. ಅಷ್ಟು ವರ್ಷ ತನ್ನನ್ನು ದೂರ ಇಟ್ಟ ಆ ದವಡೆ ಬೆರಳಿಗೆ ಸಿಕ್ಕದೆ ಅವನು ಗಾಬರಿಯಾದ. “ಎಲ್ಲ್ ಹೋಯ್ತ್ ಅದ್?” ಎಂದು ಮೆಲ್ಲಗೆ ಕೇಳಿದ. “ಅದೇ ಬೊಟಾಕ್ಸ್” ಎಂದೆ. “ಅದೇ ಬೋಟ್ ಟ್ಯಾಕ್ಸ್” ಎಂದು ಅವನು ಮತ್ತೆ ಕೆರಳಿದ. ನಾವು ಹೀಗೆ ಬೊಟಾಕ್ಸ್, ಬೋಟ್ ಟ್ಯಾಕ್ಸ್ ಎಂದು ತಾಳಮದ್ದಳೆ ಮಾಡುತ್ತಿರುವಾಗ ಸುಶೀಲ ನಡುವೆ ಬಂದು ನಿಂತಳು.

“ಸಾಕ್ ಮಾಡಿ ಇಬ್ರೂ!” ಎಂದಳು. ಅವಳು ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಕೇಳಿದವನಲ್ಲ. “ಇವ್ರ್ ಹಲ್ ಕಡ್ದದ್ದ್ ನಿನ್ ಬೋಟ್ ಕಂಡಲ್ಲ ಅಣ್ಣ. ಇವ್ರ್ ಗಂಜಿ ಕಂಡ್ರೂ ಹಲ್ ಕಡಿತ್ರ್, ಗ್ವಾಡಿ ಕಂಡ್ರೂ ಹಲ್ ಕಡಿತ್ರ್. ಹುಟ್ ಗುಣ! ನೀನ್ ಒಂದ್ ಮಾತ್ ಕೇಣ್ಲಿಲ್ಲ, ಇವ್ರ್ ಒಂದ್ ಮಾತ್ ಹೇಳ್ಲಿಲ್ಲ. ನಿಮ್ ಇಬ್ರ್ ನಡು ನನ್ ತೌರ್ಮನಿ ಹೋಯ್ತ್. ಅಮ್ಮ ಸತ್ತತಿಗೂ ಸಂಜಿ ಬಸ್ಸಿಗ್ ವಾಪಸ್ ಬಂದೆ ನಾನ್. ಆ ಮನಿಯಂಗೆ ಒಂದಿನ ಕಣ್ಣ್ ಮುಚ್ಚಿ ಮನಿಕಂಬುಕ್ ಆಯ್ಲಿಲ್ಲ ನಂಗೆ.”

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಮುಚ್ಚಿದಾಗ ಅವಳ ಕಿವಿಯ ಕೆಳಗೆ ಒಂದು ಸ್ನಾಯು ಎದ್ದು, ನಡುಗಿ, ಹಾಗೆಯೇ ನಿಂತಿತು. ಇಷ್ಟು ವರ್ಷ ಕನ್ನಡಿಯಲ್ಲಿ ನನ್ನ ದವಡೆಯನ್ನೇ ನೋಡಿಕೊಂಡ ನಾನು ಅವಳ ದವಡೆಯನ್ನು ನೋಡಿರಲಿಲ್ಲ. ನನಗೆ ಅಳು ಬಂತು. ಬಾವನೂ ತಲೆ ತಗ್ಗಿಸಿ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಆಮೇಲೆ ವಿಷಯ ಬಿಡಿಸಿ ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಔಷಧಿ ಚೀಟಿಯಲ್ಲಿ ಬರೆದ ಹೆಸರನ್ನು ಬಾವ ಅಕ್ಷರ ಕೂಡಿಸಿ ಓದಿ, “ಇದ್ರಂಗೆ ಬೋಟ್ ಎಲ್ಲಿತ್ತ್?” ಎಂದು ಕೇಳಿ, ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದರಿಗೆ ಫೋನು ಮಾಡಿದ. ಟ್ಯಾಕ್ಸು ಇಲ್ಲ, ಹೋಗಿ ಎಲ್ಲ ಎಂದ. ಅದು ಅಲ್ಲಿ ಮುಟ್ಟಿದ್ದು ಬೇರೆ ರೀತಿ. ಮನವಿ ಕೊಡುವ ಮೊದಲೇ ಸರಕಾರ ಹೆದರಿ ಟ್ಯಾಕ್ಸು ವಾಪಸ್ಸು ತೆಗೆದುಕೊಂಡಿತು ಎಂದು ತಿಳಿದು ಪಟಾಕಿ ಹೊಡೆದರಂತೆ. ಗೋವಿಂದಣ್ಣ ಹೋಗಿ ಮೇಷ್ಟ್ರ ಕೆನ್ನೆ ಮುಟ್ಟಿದ ಮೇಲೆ ಕೆಲಸ ಆಯಿತು ಎಂದು ಶೀನ ಇವತ್ತಿಗೂ ಹೇಳುತ್ತಾನೆ. ಕೆನ್ನೆ ಮುಟ್ಟಿದ್ದು ಎಂದರೆ ಅವನ ಪ್ರಕಾರ ಏನು ಎಂದು ನಾನು ವಿಚಾರಿಸಲು ಹೋಗಿಲ್ಲ.

ಬಾವ ಹೊರಡಲು ಎದ್ದಾಗ ಸುಶೀಲ ಬಾಗಿಲಿಗೆ ಅಡ್ಡ ನಿಂತಳು. “ಬಂದದ್ ಬಂದೆ, ಹೇಳ್ಕಿ ಮಾಡಿ ಹೋಗ್.” ಜಗಳಕ್ಕೆ ಬಂದವನು ಎಲೆ ಅಡಿಕೆ ಎಲ್ಲಿಂದ ತರಬೇಕು? ಅವಳೇ ಒಳಗೆ ಹೋಗಿ ನಮ್ಮ ಮನೆಯ ತಟ್ಟೆಯಲ್ಲಿ ನಮ್ಮ ಮನೆಯ ಎಲೆ ಅಡಿಕೆ ಇಟ್ಟು ತಂದು ಅಣ್ಣನ ಕೈಗೆ ಕೊಟ್ಟಳು. ಅವನು ಅದನ್ನು ನನ್ನ ಕೈಗೆ ಕೊಟ್ಟು, “ಬಾವ, ಮಗ್ಳ್ ಮದಿ. ಇಬ್ರೂ ಮುಂಚಿನ್ ದಿನವೇ ಬರ್ಕ್” ಎಂದ. ಅಡಿಕೆಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡೆ. ಅಗಿಯಲು ಆಗಲಿಲ್ಲ, ಉಗುಳಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ತನಕ ಕೆನ್ನೆಯಲ್ಲೇ ಇಟ್ಟುಕೊಂಡಿದ್ದೆ.

ಬೈಂದೂರಿನ ಕಲ್ಯಾಣ ಮಂಟಪದಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಫೋಟೋಗಳಲ್ಲಿ ನಾನೊಬ್ಬನೇ ಸೊಟ್ಟ ನಗುತ್ತಿದ್ದೇನೆ. ಮಾರನೆಯ ದಿನ ಬಾವನ ಮನೆಯಲ್ಲಿ ಮೀನೂಟ. ಅಂಗಳದಲ್ಲಿ ಶಾಮಿಯಾನ, ಪಾತ್ರೆಗಳ ಸದ್ದು, ಎಲೆ ಎತ್ತುವವರ ಗಲಾಟೆ. ನನಗಾಗಿ ಅತ್ತಿಗೆ ಮುಳ್ಳು ತೆಗೆದ ಅಂಜಲ್ ಮೀನನ್ನು ಬೇರೆ ಬೇಯಿಸಿದ್ದರು. ಊಟ ಮುಗಿಸಿ ಕೈ ತೊಳೆದು ಸುಶೀಲಳನ್ನು ಹುಡುಕುತ್ತ ಒಳಗೆ ಹೋದೆ.

ಅವಳು ಒಳಜಗಲಿಯ ಗೋಡೆಯ ಬದಿಗೆ, ಚಾಪೆಯನ್ನೂ ಹಾಸಿಕೊಳ್ಳದೆ, ಹೊಸ ಸೀರೆಯಲ್ಲೇ ಮಲಗಿದ್ದಳು. ದವಡೆ ಪೂರ್ತಿ ಸಡಿಲವಾಗಿ ಬಾಯಿ ಅರ್ಧ ತೆರೆದಿತ್ತು. ಗೊರಕೆ ಹೊಡೆಯುತ್ತಿದ್ದಳು, ಬೋಟಿನ ಇಂಜಿನ್ನಿಗೆ ಏನೂ ಕಡಿಮೆ ಇಲ್ಲದ ಗೊರಕೆ. ನಮ್ಮ ಮನೆಯಲ್ಲಿ ಅವಳು ಇಷ್ಟು ಮೈಮರೆತು ಮಲಗಿದ್ದನ್ನು ನಾನು ಕಂಡಿಲ್ಲ.

ಮದುಮಗಳ ಜೊತೆ ಫೋಟೋ ತೆಗೆಸಲು ತಂಗಿಯನ್ನು ಕರೆಯಲು ಬಂದ ಬಾವ ನನ್ನ ಪಕ್ಕ ಬಂದು ನಿಂತ. ಅವಳ ಮುಖವನ್ನು ನೋಡಿದ. ಈಗೀಗ ಅವನಿಗೆ ದವಡೆ ನೋಡುವ ಅಭ್ಯಾಸ ಆಗಿದೆ.

“ಇವ್ಳಿಗೂ ಹಾಕ್ಸಿದ್ರ್ಯಾ ಬಾವ, ಆ ಸೂಜಿ?” ಎಂದು ಪಿಸುಗುಟ್ಟಿದ.

“ಇಲ್ಲೆ ಬಾವ. ಇವ್ಳಿಗೆ ಹಾಕ್ದದ್ದ್ ನೀವೇ.”

ಬಾವ ಅಂಗಳಕ್ಕೆ ಹೋಗಿ, ಪಾತ್ರೆ ತೊಳೆಯುವವರಿಗೂ ಶಾಮಿಯಾನ ಬಿಚ್ಚುವವರಿಗೂ ಫೋಟೋದವನಿಗೂ ಸೇರಿಸಿ, ಬಂದರಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ: “ಹ್ವಾಯ್, ಸದ್ದ್ ಮಾಡ್ಬೇಡಿ! ನನ್ ತಂಗಿ ಮನಿಕಂಡಿದ್ಲ್!”

ಅವಳು ಏಳಲಿಲ್ಲ.